ಚೀನಾ ನಿಧಾನವಾದರೆ ಟೆಕ್ ಷೇರು ಅಷ್ಟೊಂದು ಬೀಳುವುದೇಕೆ?

ನಿಮ್ಮ ಪ್ರಶ್ನೆ ಓದಿದೆ. ಚೀನಾದ ಆರ್ಥಿಕತೆ ನಿಧಾನವಾಗಿದೆ ಎಂಬ ಸುದ್ದಿ ಬಂದ ವಾರವೇ ನಿಮ್ಮ ಟೆಕ್ ಫಂಡ್ ಕುಸಿದಿದೆ. ಅದರಲ್ಲಿರುವ ಕಂಪನಿಗಳು ಚೆನ್ನಾಗಿಯೇ ನಡೆಯುತ್ತಿವೆ. ಮಾರಿಬಿಡಬೇಕಾ ಅಂತ ಕೇಳಿದ್ದೀರಿ. ಆತುರ ಬೇಡ, ಮೊದಲು ಒಂದು ಹಳೇ ಲೆಕ್ಕ ನೋಡಿ.

2019ರ ಜನವರಿ 2ರಂದು ಆಪಲ್‌ನ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಹೂಡಿಕೆದಾರರಿಗೆ ಪತ್ರ ಬರೆದರು. ಆಗಷ್ಟೇ ಮುಗಿದ ಮೂರು ತಿಂಗಳಲ್ಲಿ 8,900ರಿಂದ 9,300 ಕೋಟಿ ಡಾಲರ್ ಮಾರಾಟ ಆಗಬಹುದು ಎಂದು ಕಂಪನಿ ಮೊದಲು ಹೇಳಿತ್ತು. ಅದನ್ನು 8,400 ಕೋಟಿಗೆ ಇಳಿಸಿದರು. ಮುಖ್ಯ ಕಾರಣ ಚೀನಾದಲ್ಲಿ ವ್ಯಾಪಾರ ತಣ್ಣಗಾದದ್ದು. ಮೊದಲಿನ ಅಂದಾಜಿನ ಕೆಳಗಿನ ಅಂಕಿಗೆ ಹೋಲಿಸಿದರೆ ಕೊರತೆ ಶೇ 6ಕ್ಕಿಂತ ಕಡಿಮೆ. ಮಾರನೇ ದಿನ ಷೇರು ಬಿದ್ದದ್ದು ಸುಮಾರು ಶೇ 10.

ಯಾಕೆ ಹೀಗೆ? ಷೇರಿನ ಬೆಲೆಯಲ್ಲಿರುವುದು ಬರೀ ಮೂರು ತಿಂಗಳ ಲಾಭವಲ್ಲ, ಮುಂದಿನ ಎಷ್ಟೋ ವರ್ಷಗಳ ಲಾಭದ ನಿರೀಕ್ಷೆ. ಬೆಳೆಯುತ್ತಲೇ ಹೋಗುತ್ತದೆ ಎಂದು ನಂಬಿ ಜಾಸ್ತಿ ಬೆಲೆ ಕೊಟ್ಟವರಿಗೆ ಒಂದು ಸಣ್ಣ ಅನುಮಾನ ಬಂದರೂ ಸಾಕು. ಜೊತೆಗೆ ಸಂಬಳ, ಸಂಶೋಧನೆಯ ಖರ್ಚು ಮಾರಾಟ ಇಳಿಯಿತು ಅಂತ ತಕ್ಷಣ ಇಳಿಯುವುದಿಲ್ಲ. ಹಾಗಾಗಿ ಮಾರಾಟಕ್ಕಿಂತ ಲಾಭ ಬೇಗ ಕರಗುತ್ತದೆ.

ಚಿಪ್ ಕಂಪನಿಗಳಿಗೆ ಏಟು ಇನ್ನೂ ಜೋರು. ಫೋನ್ ಮಾರಾಟ ಸ್ವಲ್ಪ ಇಳಿದರೆ ಫೋನ್ ತಯಾರಕರು ಮೊದಲು ಕೈಯಲ್ಲಿರುವ ದಾಸ್ತಾನು ಖಾಲಿ ಮಾಡುತ್ತಾರೆ. ಅಲ್ಲಿಯವರೆಗೆ ಹೊಸ ಆರ್ಡರ್ ಕೊಡುವುದಿಲ್ಲ. ಅದೇ ಜನವರಿ 28ರಂದು ಚಿಪ್ ಕಂಪನಿ ಎನ್ವಿಡಿಯಾ ತನ್ನ ಮೂರು ತಿಂಗಳ ಮಾರಾಟದ ಅಂದಾಜನ್ನು 270 ಕೋಟಿ ಡಾಲರ್‌ನಿಂದ 220 ಕೋಟಿಗೆ ಇಳಿಸಿತು. ಷೇರು ಸುಮಾರು ಶೇ 14 ಬಿತ್ತು. ಚೀನಾ ಒಂದೇ ಕಾರಣವಲ್ಲ. ಕ್ರಿಪ್ಟೋ ಕರೆನ್ಸಿಯ ಭರಾಟೆ ಇಳಿದು, ಅದಕ್ಕೆ ಬಳಸುತ್ತಿದ್ದ ಗ್ರಾಫಿಕ್ಸ್ ಕಾರ್ಡ್‌ಗಳು ಅದಾಗಲೇ ಗೋದಾಮುಗಳಲ್ಲಿ ತುಂಬಿಕೊಂಡಿದ್ದವು. ಸುದ್ದಿಯಲ್ಲಿ ಒಂದೇ ಕಾರಣ ಕಂಡರೆ ಅಲ್ಲಿಗೇ ನಿಲ್ಲಬೇಡಿ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಆಪಲ್‌ನ 2019ರ ಹಣಕಾಸು ವರ್ಷದ ಮಾರಾಟ ಹಿಂದಿನ ವರ್ಷಕ್ಕಿಂತ ಶೇ 2ರಷ್ಟು ಕಡಿಮೆ. ಆದರೆ ಜನವರಿಯಲ್ಲಿ 142 ಡಾಲರ್‌ಗೆ ಇಳಿದಿದ್ದ ಷೇರು ಡಿಸೆಂಬರ್ ಕೊನೆಗೆ 293 ದಾಟಿತ್ತು. ಇದಕ್ಕೆ ದೊಡ್ಡ ಬೆಂಬಲ ಸಿಕ್ಕಿದ್ದು ಬಡ್ಡಿಯಿಂದ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಡ್ಡಿ ಏರಿಸುವುದನ್ನು ನಿಲ್ಲಿಸಿ, ಆ ವರ್ಷ ಮೂರು ಸಲ ಇಳಿಸಿತು. ಬಡ್ಡಿ ಇಳಿದರೆ ಮುಂದೆ ಬರುವ ಲಾಭಕ್ಕೆ ಇವತ್ತೇ ಜಾಸ್ತಿ ಬೆಲೆ ಸಿಗುತ್ತದೆ. ಷೇರು ಬೀಳಿಸಿದ ಮಂದಗತಿಯೇ ಬಡ್ಡಿ ಇಳಿಯುವುದಕ್ಕೂ ಕಾರಣವಾಗಬಹುದು, ಅಲ್ವಾ?

ಈಗ ನಿಮ್ಮ ಕೆಲಸ. ಫಂಡಿನ ದೊಡ್ಡ ಕಂಪನಿಗಳ ವಾರ್ಷಿಕ ವರದಿ ತೆಗೆದು, ಯಾವ ದೇಶದಿಂದ ಎಷ್ಟು ಮಾರಾಟ ಅಂತ ನೋಡಿ. 2018ರಲ್ಲಿ ಆಪಲ್ ಮಾರಾಟದ ಸುಮಾರು ಐದನೇ ಒಂದು ಪಾಲು ಚೀನಾ ವಲಯದ್ದು. ಆದರೆ ಚಿಪ್ ಕಂಪನಿಗಳಲ್ಲಿ ಹುಷಾರಾಗಿರಿ. ಫೋನ್ ಚಿಪ್ ಮಾಡುವ ಕ್ವಾಲ್ಕಾಮ್ ಆ ವರ್ಷ ತನ್ನ ಮಾರಾಟದ ಸುಮಾರು ಮೂರನೇ ಎರಡು ಪಾಲು ಚೀನಾದ್ದು ಎಂದು ತೋರಿಸಿತ್ತು. ಅಲ್ಲಿ ಜೋಡಣೆಯಾಗಿ ಬೇರೆ ದೇಶಗಳಿಗೆ ಹೋಗುವ ಫೋನುಗಳ ಚಿಪ್ ಕೂಡ ಆ ಲೆಕ್ಕದಲ್ಲಿ ಸೇರುತ್ತದೆ. ಆಮೇಲೆ ದಾಸ್ತಾನು ನೋಡಿ. ಮಾರಾಟಕ್ಕಿಂತ ಅದು ವೇಗವಾಗಿ ಬೆಳೆಯುತ್ತಿದ್ದರೆ ನಾನು ಹೊಸದಾಗಿ ಹಣ ಹಾಕುವುದಿಲ್ಲ.

ಮಾರಲೇಬೇಕಾದರೂ ಗಾಬರಿ ಜೋರಾಗಿರುವ ದಿನ ಮಾರುಕಟ್ಟೆ ತೆರೆದ ಕೂಡಲೇ ಬೇಡ. 2015ರ ಆಗಸ್ಟ್ 24ರಂದು ಚೀನಾದ ಶಾಂಘೈ ಷೇರು ಸೂಚ್ಯಂಕ ಶೇ 8.5 ಬಿದ್ದಿತ್ತು. ಅವತ್ತು ಆಪಲ್ ಷೇರು ಬೆಳಿಗ್ಗೆ 92 ಡಾಲರ್‌ಗೆ ಇಳಿದು, ಸಂಜೆ 103ರ ಹತ್ತಿರ ಮುಗಿಯಿತು.

ಈ ಹಣ ನಿಮಗೆ ಯಾವಾಗ ಬೇಕು ಅನ್ನುವುದನ್ನು ನೀವು ಬರೆದಿಲ್ಲ. ಅದನ್ನೂ, ಫಂಡಿನ ಮೊದಲ ಹತ್ತು ಕಂಪನಿಗಳ ಹೆಸರನ್ನೂ ಇಲ್ಲೇ ಹಾಕಿ. ಒಂದೊಂದಾಗಿ ನೋಡೋಣ.