ಆಪ್ತಸಲಹೆ ಪ್ರಕರಣ: ‘ಮಾಡಲಾಯಿತು’ ಎಂದು ಬರೆದವರು

ಈ ಪ್ರಕರಣದ ವ್ಯಕ್ತಿಯನ್ನು ಇಲ್ಲಿ ವಸುಧಾ ಎಂದು ಕರೆಯುತ್ತೇನೆ. ಹೆಸರು, ಮನೆಯ ವಿವರ, ಸಂಘದ ಗುರುತು ಎಲ್ಲವನ್ನೂ ಬದಲಿಸಿದ್ದೇನೆ. ಬರೆದದ್ದನ್ನು ಮೊದಲು ಅವರಿಗೇ ಓದಲು ಕೊಟ್ಟು, ಅವರು ಗೆರೆ ಎಳೆದ ಎರಡು ಭಾಗಗಳನ್ನು ತೆಗೆದುಹಾಕಿದ ಮೇಲೆಯೇ ಒಪ್ಪಿಗೆ ಪಡೆದಿದ್ದೇನೆ. ಇಷ್ಟು ಎಚ್ಚರಿಕೆಗೆ ಕಾರಣವಿದೆ. ಮಂಗಳೂರಿನ ರೋಶನಿ ನಿಲಯದಲ್ಲಿ 1960ರಲ್ಲಿ ಸಮಾಜಕಾರ್ಯದ ಶಿಕ್ಷಣ ಆರಂಭವಾದ ನಂತರ ಕರಾವಳಿಯಲ್ಲಿ ಈ ವಿಷಯ ಕಲಿಸುವ ಕಾಲೇಜುಗಳು ಹಲವು ಬಂದಿವೆಯಾದರೂ, ವೃತ್ತಿಯಲ್ಲಿ ಉಳಿದವರ ಬಳಗ ಇಂದಿಗೂ ಚಿಕ್ಕದು. ಇಲ್ಲಿ ಒಬ್ಬರ ಗುರುಗಳು ಇನ್ನೊಬ್ಬರ ಮೇಲಧಿಕಾರಿ, ಮತ್ತೊಬ್ಬರ ಮದುವೆಯ ಮಾತುಕತೆಗೆ ಕುಳಿತವರು. ವಸುಧಾ ಅವರ ಗುರುಗಳನ್ನು ನಾನೂ ಎರಡು ಕಾರ್ಯಾಗಾರಗಳಲ್ಲಿ ಭೇಟಿಯಾಗಿದ್ದೆ. ಅದನ್ನು ಮೊದಲ ದಿನವೇ ಹೇಳಿ, ಬೇರೆ ಆಪ್ತಸಲಹೆಗಾರರ ಬಳಿ ಹೋಗುವ ಇಚ್ಛೆಯಿದ್ದರೆ ವ್ಯವಸ್ಥೆ ಮಾಡುತ್ತೇನೆ ಎಂದೆ. ಅವರು ಬೇಡವೆಂದರು.

ವಸುಧಾ ನಲವತ್ತು ದಾಟಿದವರು, ಉಡುಪಿ ಕಡೆಯ ಒಂದು ಆಸ್ಪತ್ರೆಯಲ್ಲಿ ವೈದ್ಯಕೀಯ ಸಮಾಜಕಾರ್ಯಕರ್ತೆ. ಡಯಾಲಿಸಿಸ್‌ಗೆ ಬರುವವರ ಮನೆಯವರಿಗೆ ಸಹಾಯಧನದ ಅರ್ಜಿ ತುಂಬಿಸುವುದು, ವಿಷ ಕುಡಿದು ಬದುಕುಳಿದವರ ಪಕ್ಕದಲ್ಲಿ ಕುಳಿತು ಮಾತನಾಡುವುದು, ಯಾರೂ ಕರೆದೊಯ್ಯಲು ಬಾರದ ವೃದ್ಧರಿಗೆ ಆಶ್ರಯ ಹುಡುಕುವುದು ಅವರ ಹದಿನಾರು ವರ್ಷಗಳ ಕೆಲಸ. ಜುಲೈ ತಿಂಗಳ ಒಂದು ಶನಿವಾರ, ಮಳೆಯಲ್ಲಿ ತೊಯ್ದ ಕೊಡೆಯನ್ನು ಬಾಗಿಲ ಹೊರಗೆ ಬಿಡಿಸಿಟ್ಟು ಒಳಗೆ ಬಂದರು. ಉಡುಪಿಯಲ್ಲೇ ಆಪ್ತಸಲಹೆಗಾರರು ಇದ್ದಾರಲ್ಲ, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಇಷ್ಟು ದೂರ ಏಕೆ ಬಂದಿರಿ ಎಂದು ಕೇಳಿದ್ದಕ್ಕೆ, “ಅಲ್ಲಿ ಹೋದರೆ ಕಾಯುವ ಕುರ್ಚಿಯಲ್ಲಿ ನನ್ನದೇ ಪೇಶೆಂಟ್ ಸಿಗ್ತಾರೆ ಮೇಡಂ” ಎಂದು ನಕ್ಕರು. ಆ ದಿನ ಅವರು ನಕ್ಕಿದ್ದು ಅದೊಂದೇ ಸಲ.

ಎರಡು ತಿಂಗಳಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ, ಎದೆ ಡವಗುಟ್ಟುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ ಎಂಬುದು ದೂರು. ಇಸಿಜಿ, ಥೈರಾಯ್ಡ್ ಪರೀಕ್ಷೆಗಳಲ್ಲಿ ದೋಷವೇನೂ ಕಂಡಿರಲಿಲ್ಲ. ಎರಡು ತಿಂಗಳ ಹಿಂದೆ ಏನು ನಡೆಯಿತು ಎಂದು ವಿಚಾರಿಸಿದಾಗ ಮೊದಲು ಮಗನ ಹತ್ತನೆಯ ತರಗತಿಯ ಮಾತು ಬಂತು, ನಂತರ ಅತ್ತೆಯವರ ಮೊಣಕಾಲು ನೋವಿನ ಮಾತು ಬಂತು, ಬಸ್ಸಿಗೆ ಹೊತ್ತಾಯಿತೆಂದು ಏಳುವ ಮುನ್ನ, ತೀರಾ ಸಣ್ಣ ಸಂಗತಿ ಎಂಬಂತೆ, ಸಂಘದ ಚುನಾವಣೆಯ ಮಾತು ಬಂತು. ಹೇಳಬೇಕಾದದ್ದನ್ನು ಬಾಗಿಲಲ್ಲಿ ನಿಂತು ಹೇಳುವವರು ಬಹಳ. ನಾನು ಈಗೀಗ ಕೊನೆಯ ಹತ್ತು ನಿಮಿಷವನ್ನು ಅದಕ್ಕೆಂದೇ ಖಾಲಿ ಇಡುತ್ತೇನೆ.

ಸಮಾಜಕಾರ್ಯಕರ್ತರ ಆ ವೃತ್ತಿ ಸಂಘದಲ್ಲಿ ವಸುಧಾ ಆರು ವರ್ಷ ಜೊತೆ ಕಾರ್ಯದರ್ಶಿ. ಅಲ್ಲಿ ಮತದಾನ ನಡೆದದ್ದು ಯಾರಿಗೂ ನೆನಪಿಲ್ಲ. ವಾರ್ಷಿಕ ಮಹಾಸಭೆಯ ಹಿಂದಿನ ಸಂಜೆ ನಾಲ್ಕೈದು ಹಿರಿಯರು ಫೋನಿನಲ್ಲಿ ಮಾತನಾಡಿಕೊಳ್ಳುತ್ತಾರೆ. ಈ ಸಲ ಯಾವ ಕಾಲೇಜಿನವರು, ಯಾವ ಸಮುದಾಯದವರು, ಯಾರಿಗೆ ಹಿಂದೆ ಮಾತು ಕೊಟ್ಟಿತ್ತು ಎಂಬ ಲೆಕ್ಕ ಯಾರೂ ಬಾಯಿಬಿಟ್ಟು ಹೇಳದೆಯೇ ಮುಗಿಯುತ್ತದೆ. ಮರುದಿನ ಅವಿರೋಧ ಆಯ್ಕೆ, ಚಪ್ಪಾಳೆ, ಊಟ. ಈ ಬಾರಿ ಅಧ್ಯಕ್ಷರ ಅವಧಿ ಮುಗಿಯುವುದಿತ್ತು. ವಸುಧಾ ತಮ್ಮ ಇಬ್ಬರು ಕಿರಿಯ ಸಹೋದ್ಯೋಗಿಗಳ ಬಳಿ, ತಾನು ನಿಂತರೆ ಹೇಗೆ ಎಂದು ಮೆಲ್ಲನೆ ಕೇಳಿದ್ದರು. ಮೂರನೆಯ ದಿನ ಗುರುಗಳ ಫೋನು ಬಂತು. ವಸುಧಾ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವಾಗ ಅವರ ಕ್ಷೇತ್ರಕಾರ್ಯಕ್ಕೆ ಮಾರ್ಗದರ್ಶನ ಮಾಡಿದವರು, ಮೊದಲ ಕೆಲಸಕ್ಕೆ ಶಿಫಾರಸು ಬರೆದವರು. “ನೀನು ಸೆಕ್ರೆಟರಿಯಾಗಿಯೇ ಇರು ಮಗಾ, ನಿನ್ನಷ್ಟು ಚಂದ ಮಾಡ್ಲಿಕ್ಕೆ ಯಾರಿಗೂ ಆಗುವುದಿಲ್ಲ” ಎಂದರಂತೆ. ಅಂದಿನ ರಾತ್ರಿಯಿಂದ ಮೂರು ಗಂಟೆಯ ಎಚ್ಚರ.

ಇಲ್ಲಿ ನನ್ನ ತಪ್ಪೊಂದನ್ನು ದಾಖಲಿಸಬೇಕು. ಎರಡನೆಯ ಭೇಟಿಯಲ್ಲಿ ನಾನು ಇದನ್ನು ಧೈರ್ಯ ಸಾಲದವರ ಸಾಮಾನ್ಯ ಪ್ರಕರಣವೆಂದು ಎಣಿಸಿ, ನಿಲ್ಲುವ ಹಕ್ಕು ನಿಮಗಿದೆ, ನಿಲ್ಲಿ ಎಂಬ ಧಾಟಿಯಲ್ಲಿ ಮಾತನಾಡಿದೆ. ವಸುಧಾ ತಲೆಯಾಡಿಸಿದರು, ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರ ಬಂದಾಗ, “ಸರ್ ಬೇಡ ಅಂತಾರೆ, ನೀವು ಬೇಕು ಅಂತೀರಿ, ನಾನೆಲ್ಲಿದ್ದೇನೆ ಮೇಡಂ?” ಎಂದು ಕೇಳಿದರು. ಅವರು ಹೇಳಿದ್ದು ಸರಿಯಾಗಿತ್ತು. ಅವರ ಪರವಾಗಿ ತೀರ್ಮಾನಿಸುವ ಫೋನುಗಳ ಸಾಲಿಗೆ ನಾನೂ ಒಂದನ್ನು ಸೇರಿಸಿದ್ದೆ.

ಆ ಭೇಟಿಗೆ ಅವರು ಸಂಘದ ನಡಾವಳಿ ಪುಸ್ತಕವನ್ನು ಚೀಲದಲ್ಲಿ ತಂದಿದ್ದರು. ಮರುದಿನದ ಸಮಿತಿ ಸಭೆಗೆ ಬರೆದು ಮುಗಿಸಬೇಕಿತ್ತು, ಬಸ್ಸಿನಲ್ಲಿ ಬರೆಯುತ್ತಾ ಬಂದಿದ್ದರು. ಅದರಿಂದ ಯಾವುದಾದರೂ ಒಂದು ಪುಟವನ್ನು, ಹೆಸರುಗಳನ್ನು ಬಿಟ್ಟು, ಓದಿ ಹೇಳಬಹುದೇ ಎಂದು ಕೇಳಿದೆ. ವಿಶ್ವ ಸಮಾಜಕಾರ್ಯ ದಿನಾಚರಣೆಯ ವರದಿಯನ್ನು ಓದಿದರು. ಸಭಾಂಗಣವನ್ನು ಗೊತ್ತುಪಡಿಸಲಾಯಿತು, ಆಮಂತ್ರಣಗಳನ್ನು ತಲುಪಿಸಲಾಯಿತು, ಅತಿಥಿಗಳನ್ನು ರೈಲು ನಿಲ್ದಾಣದಿಂದ ಕರೆತರಲಾಯಿತು, ಉಳಿದ ಊಟವನ್ನು ವೃದ್ಧಾಶ್ರಮಕ್ಕೆ ಕಳುಹಿಸಲಾಯಿತು. ಯಾರು ಗೊತ್ತುಪಡಿಸಿದ್ದು ಎಂದು ಕೇಳಿದೆ. “ನಾನೇ.” ಯಾರು ತಲುಪಿಸಿದ್ದು? “ನಾನೇ, ಸ್ಕೂಟರಿನಲ್ಲಿ.” ನಾಲ್ಕನೆಯ ‘ನಾನೇ’ ಬರುವಷ್ಟರಲ್ಲಿ ಅವರ ಬೆರಳು ಆ ಸಾಲಿನ ಮೇಲೆ ನಿಂತಿತ್ತು. ಆರು ವರ್ಷಗಳ ನಡಾವಳಿ ಅವರದೇ ದುಂಡಗಿನ ಅಕ್ಷರದಲ್ಲಿತ್ತು, ಅವರ ಹೆಸರು ಹಾಜರಾತಿಯ ಪಟ್ಟಿಯಲ್ಲಿ ಮಾತ್ರ. ನಡಾವಳಿಗೆ ಆ ಕರ್ಮಣಿ ಪ್ರಯೋಗ ಸಲ್ಲುತ್ತದೆ ನಿಜ, ಬೇರೆ ರೀತಿ ಬರೆದರೆ ಓದುವವರಿಗೇ ಮುಜುಗರ. ವಸುಧಾ ಅವರು ತಮ್ಮ ಬಗ್ಗೆ ಮಾತನಾಡುವಾಗಲೂ ಅದೇ ಪ್ರಯೋಗವನ್ನು ಬಳಸುತ್ತಿದ್ದರು. ಮೂರು ಭೇಟಿಗಳಲ್ಲಿ ಅವರು ‘ನನಗೆ ಅಧ್ಯಕ್ಷೆಯಾಗಬೇಕು’ ಎಂದು ಒಮ್ಮೆಯೂ ಹೇಳಿರಲಿಲ್ಲ. ‘ಎಲ್ಲರೂ ಹೇಳ್ತಿದ್ದಾರೆ’, ‘ಹಾಗೊಂದು ಮಾತು ಬಂತು’ ಎಂದಷ್ಟೇ ಹೇಳಿದ್ದರು.

ಏಕೆಂಬುದೂ ನಿಧಾನವಾಗಿ ಹೊರಬಂತು. ಸೇವೆ ಮಾಡುವವರು ಕುರ್ಚಿಗೆ ಆಸೆಪಡಬಾರದೆಂದು ಅವರು ತರಗತಿಯಲ್ಲಿ ಕೇಳಿದ್ದರು, ಮನೆಯಲ್ಲಿ ಕೇಳಿದ್ದರು, ಕೊನೆಗೆ ಗಲ್ಫಿನಲ್ಲಿರುವ ಗಂಡನೂ ವಿಡಿಯೋ ಕರೆಯಲ್ಲಿ, “ಪೇಪರಿನಲ್ಲಿ ಫೋಟೋ ಬರ್ಲಿಕ್ಕಾ?” ಎಂದು ತಮಾಷೆ ಮಾಡಿದ್ದರು. ಬೇರೆ ವೃತ್ತಿಯವರಿಗೆ ಸಹಜವಾದ ಈ ಆಸೆ ಸಮಾಜಕಾರ್ಯಕರ್ತರಿಗೆ ಕಳ್ಳತನದಂತೆ ತೋರುವುದನ್ನು ನಾನು ಇತರ ಪ್ರಕರಣಗಳಲ್ಲೂ ಕಂಡಿದ್ದೇನೆ. ವಕೀಲರ ಸಂಘದಲ್ಲಿ ಭಿತ್ತಿಪತ್ರ ಹಿಡಿದು ಮತ ಕೇಳುವವರನ್ನು ಯಾರೂ ಲೋಭಿಗಳೆನ್ನುವುದಿಲ್ಲ.

ಹಾಗಾಗಿ ಹುದ್ದೆಯನ್ನು ಬದಿಗಿಟ್ಟು, ಆ ಹುದ್ದೆಯಲ್ಲಿ ಕುಳಿತ ಮರುದಿನ ಬೆಳಿಗ್ಗೆ ಯಾವ ಕೆಲಸ ಮಾಡುತ್ತೀರಿ ಎಂದು ಕೇಳಿದೆ. ಅವರ ಬಳಿ ಉತ್ತರ ಸಿದ್ಧವಿತ್ತು. ಮಕ್ಕಳ ಸಹಾಯವಾಣಿ 1098ರ ಹೊಣೆ 2023ರಲ್ಲಿ ಸ್ವಯಂಸೇವಾ ಸಂಸ್ಥೆಗಳ ಕೈಯಿಂದ ಸರ್ಕಾರದ ವ್ಯವಸ್ಥೆಗೆ ವರ್ಗವಾದಾಗ ಅವರಿಗೆ ಪರಿಚಯವಿದ್ದ ಇಬ್ಬರು ಹುಡುಗಿಯರು ಕೆಲಸ ಕಳೆದುಕೊಂಡಿದ್ದರು. ಸಂಘ ಒಂದು ಪತ್ರವನ್ನೂ ಬರೆಯಲಿಲ್ಲ, ಆ ತಿಂಗಳ ನಡಾವಳಿಯಲ್ಲಿ ‘ವಿಷಯವನ್ನು ಚರ್ಚಿಸಲಾಯಿತು’ ಎಂದು ಬರೆದವರು ವಸುಧಾ ಅವರೇ. ಗುತ್ತಿಗೆಯ ಮೇಲೆ ದುಡಿಯುವವರಿಗೆ ನೇಮಕಾತಿ ಪತ್ರವನ್ನು ಓದಿ ಹೇಳುವವರಿಲ್ಲ. ವಕೀಲರಿಗೆ 1961ರ ಅಧಿನಿಯಮದ ಮೂಲಕ ವಕೀಲರ ಪರಿಷತ್ತು ಬಂತು. ಸಮಾಜಕಾರ್ಯಕರ್ತರೆಲ್ಲರನ್ನೂ ಒಳಗೊಳ್ಳುವ ಅಂಥ ಶಾಸನಬದ್ಧ ಪರಿಷತ್ತು ದೇಶದಲ್ಲಿಲ್ಲ. ಆರೋಗ್ಯ ಸಂಬಂಧಿ ವೃತ್ತಿಗಳ ರಾಷ್ಟ್ರೀಯ ಆಯೋಗದ 2021ರ ಅಧಿನಿಯಮವು ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಅಂದರೆ ಆಸ್ಪತ್ರೆಯಲ್ಲಿರುವ ತನ್ನಂಥವರು ಒಳಗೆ, ಶಾಲೆ, ಮಕ್ಕಳ ಪಾಲನಾ ಸಂಸ್ಥೆ, ಹಳ್ಳಿಗಳಲ್ಲಿ ದುಡಿಯುವವರು ಹೊರಗೆ. ನಾಳೆ ಒಂದೇ ಸಂಘದ ಸದಸ್ಯರ ನಡುವೆ ಗೋಡೆ ಏಳುತ್ತದೆ, ಅದಕ್ಕೆ ಮೊದಲೇ ಕುಳಿತು ಮಾತನಾಡಬೇಕು ಎಂದರು. ಹತ್ತು ನಿಮಿಷದ ಈ ಮಾತಿನಲ್ಲಿ ‘ಎಲ್ಲರೂ ಹೇಳ್ತಿದ್ದಾರೆ’ ಎಂಬುದು ಒಮ್ಮೆಯೂ ಬರಲಿಲ್ಲ. ಅದನ್ನು ನಾನು ಅವರ ಗಮನಕ್ಕೆ ತಂದೆ.

ನಾಲ್ಕನೆಯ ಭೇಟಿಯಲ್ಲಿ ಗುರುಗಳೊಂದಿಗಿನ ಮಾತನ್ನು ಅಭ್ಯಾಸ ಮಾಡಿದೆವು. ಎದುರಿಗೆ ಖಾಲಿ ಕುರ್ಚಿ ಇಟ್ಟು, ಅಲ್ಲಿ ಅವರು ಕುಳಿತಿದ್ದಾರೆಂದು ಭಾವಿಸಿ ಹೇಳಿ ಎಂದೆ. ಮೊದಲ ಯತ್ನ ಗೋಡೆ ಗಡಿಯಾರದಲ್ಲಿ ಮೂರು ನಿಮಿಷ ಹಿಡಿಯಿತು. ಅದರಲ್ಲಿ ಕ್ಷಮೆ ನಾಲ್ಕು ಸಲ ಇತ್ತು, ವಿಷಯ ಇರಲಿಲ್ಲ. ಐದನೆಯ ಯತ್ನದಲ್ಲಿ, “ಸರ್, ನಾನು ಈ ಸಲ ಅಧ್ಯಕ್ಷ ಸ್ಥಾನಕ್ಕೆ ನಾಮಪತ್ರ ಹಾಕುತ್ತೇನೆ. ಬೇರೆಯವರಿಂದ ತಿಳಿಯುವ ಮೊದಲು ನಿಮಗೆ ನಾನೇ ಹೇಳಬೇಕು ಅಂತ ಬಂದೆ” ಎಂದು ಹೇಳಿ ಸುಮ್ಮನಾದರು, ಆಮೇಲೆ ಅತ್ತರು. ಗುರುಗಳು ಎದುರು ನಿಂತರೆಂಬುದಕ್ಕಿಂತ, ತನ್ನಲ್ಲಿ ಅವರಿಗೆ ಗುಮಾಸ್ತೆ ಮಾತ್ರ ಕಂಡಳಲ್ಲ ಎಂಬ ನೋವು ಅದರಲ್ಲಿ ಹೆಚ್ಚಿತ್ತು. ಆ ನೋವಿಗೆ ಚುನಾವಣೆಯಲ್ಲಿ ಪರಿಹಾರ ಸಿಗುವುದಿಲ್ಲ, ಗೆದ್ದರೂ ಸಿಗಲಿಕ್ಕಿಲ್ಲ, ಆದ್ದರಿಂದ ಅವೆರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಎಂದು ಹೇಳಿದೆ. ನಾನು ಕೊಟ್ಟ ಸಲಹೆಗಳಲ್ಲಿ ಇದು ಮುಖ್ಯವಾದದ್ದೆಂದು ಈಗಲೂ ಭಾವಿಸುತ್ತೇನೆ.

ಉಳಿದವು ಲೌಕಿಕ ಸಲಹೆಗಳು. ಗುರುಗಳ ಮನೆಗೇ ಹೋಗಿ ಹೇಳಬೇಕು, ವಾಟ್ಸ್‌ಆ್ಯಪ್ ಸಂದೇಶ ಸಾಲದು, ನಾಮಪತ್ರ ಸಲ್ಲಿಸಿದ ಮೇಲೆ ಹೇಳುವುದಂತೂ ಕೂಡದು. ಅವರ ಒಪ್ಪಿಗೆ ಕೇಳುವುದು ಬೇಡ, ತಿಳಿಸುವುದು ಸಾಕು. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಅಡಿಯಲ್ಲಿ ನೋಂದಾಯಿತವಾದ ಸಂಘ ಅದು, ಹಾಗಾಗಿ ಬೈಲಾದ ಪ್ರತಿಯನ್ನು ತೆಗೆದು ಸ್ಪರ್ಧಿಸುವ ಅರ್ಹತೆ, ವಂತಿಗೆ ಬಾಕಿಯಿದ್ದವರಿಗೆ ಮತವುಂಟೇ, ನಾಮಪತ್ರದ ಕೊನೆಯ ದಿನ, ಸೂಚಕರು ಮತ್ತು ಅನುಮೋದಕರ ಸಹಿ, ಈ ನಾಲ್ಕನ್ನೂ ತಾವೇ ಓದಬೇಕೆಂದೆ. ಆರು ವರ್ಷ ಕಾರ್ಯದರ್ಶಿಯಾಗಿದ್ದವರು ಬೈಲಾವನ್ನು ಒಮ್ಮೆಯೂ ಪೂರ್ತಿ ಓದಿರಲಿಲ್ಲ. ಸದಸ್ಯರ ಪಟ್ಟಿ ಅವರ ಕೈಯಲ್ಲೇ ಇತ್ತು, ಅದನ್ನು ಸ್ವಂತ ಪ್ರಚಾರಕ್ಕೆ ಬಳಸಬಾರದು, ನಾಮಪತ್ರ ಹಾಕುವ ದಿನವೇ ದಾಖಲೆಗಳನ್ನು ಬೇರೊಬ್ಬರಿಗೆ ಒಪ್ಪಿಸಿ ರಸೀದಿ ಪಡೆಯಬೇಕೆಂದು ಒತ್ತಿ ಹೇಳಿದೆ. ಮಾಡಬೇಕೆಂದಿರುವುದನ್ನು ಒಂದೇ ಪುಟದಲ್ಲಿ ಬರೆಯಿರಿ, ಪ್ರತಿ ವಾಕ್ಯಕ್ಕೂ ಕರ್ತೃಪದವಿರಲಿ ಎಂದದ್ದಕ್ಕೆ ಎರಡನೆಯ ಸಲ ನಕ್ಕರು. ಗಂಡನ ತಮಾಷೆಯ ಬಗ್ಗೆ ನಾನು ಏನನ್ನೂ ಹೇಳಲಿಲ್ಲ. ತಮಗೆ ಬೇಸರವಾಯಿತೆಂದು ಅವರೇ ಗಂಡನಿಗೆ ಹೇಳಿ, ಅದು ಅಲ್ಲಿಗೆ ಮುಗಿದಿತ್ತು. ನಿದ್ದೆಗಾಗಿ, ಮೂರಕ್ಕೆ ಎಚ್ಚರವಾದರೆ ಫೋನು ಮುಟ್ಟದೆ ಎದ್ದು ಬೇರೆ ಕೋಣೆಯಲ್ಲಿ ಕುಳಿತು, ನಿದ್ದೆ ತೂಗಿದಾಗ ಮಾತ್ರ ಹಾಸಿಗೆಗೆ ಮರಳಲು ತಿಳಿಸಿದೆ.

ಗುರುಗಳು ಅವರ ಮಾತನ್ನು ಕೇಳಿ, ಕಾಫಿ ಕೊಟ್ಟು, “ಆಯಿತು, ನಿನ್ನಿಷ್ಟ” ಎಂದರಂತೆ. ಅನುಮೋದಕರಾಗಿ ಸಹಿ ಹಾಕಲಿಲ್ಲ, ತಡೆಯಲೂ ಇಲ್ಲ. ಸೆಪ್ಟೆಂಬರಿನ ಮಹಾಸಭೆಯಲ್ಲಿ ಚೀಟಿ ಹಾಕಿ ಮತದಾನ ನಡೆಯಿತು. ಊಟ ತಡವಾಯಿತೆಂದು ಕೆಲವರು ಗೊಣಗಿದರು. ವಸುಧಾ ಒಂಬತ್ತು ಮತಗಳಿಂದ ಸೋತರು. ಆ ರಾತ್ರಿ ನಿದ್ದೆ ಬರಲಿಲ್ಲ, ಮರುರಾತ್ರಿ ಬಂತು ಎಂದು ಆರನೆಯ ಭೇಟಿಯಲ್ಲಿ ಹೇಳಿದರು. ಮೂರು ಗಂಟೆಯ ಎಚ್ಚರ ಪೂರ್ತಿ ಹೋಗಿಲ್ಲ, ವಾರಕ್ಕೆ ಒಂದೆರಡು ಸಲ ಇದೆ.

ಹೊಸ ಅಧ್ಯಕ್ಷರು ಅವರನ್ನು ಮತ್ತೆ ಜೊತೆ ಕಾರ್ಯದರ್ಶಿಯಾಗಲು ಕರೆದಿದ್ದರು. ಇದಕ್ಕೆ ಏನು ಹೇಳಬೇಕೆಂದು ಕೇಳಲು ಬಂದಿದ್ದಾರೆಂದು ನಾನು ಎಣಿಸಿದ್ದೆ, ಆದರೆ ಅವರು ಉತ್ತರ ಕಳುಹಿಸಿಯೇ ಬಂದಿದ್ದರು. ಕಾರ್ಯದರ್ಶಿ ಸ್ಥಾನ ಬೇಡ, ಗುತ್ತಿಗೆ ನೌಕರರ ವಿಷಯಕ್ಕೆ ಒಂದು ಉಪಸಮಿತಿ ಮಾಡುವುದಾದರೆ ಅದನ್ನು ನಾನು ನಡೆಸುತ್ತೇನೆ ಎಂದು ಪತ್ರದಲ್ಲಿ ಬರೆದಿದ್ದರು. ಪ್ರತಿಯನ್ನು ನನಗೆ ತೋರಿಸಿದರು. ಸಮಿತಿಯಿಂದ ಇನ್ನೂ ಉತ್ತರ ಬಂದಿಲ್ಲ. ಮೂರು ತಿಂಗಳ ನಂತರದ ಮರುಭೇಟಿಗೆ ಜನವರಿಯ ಎರಡನೆಯ ಶನಿವಾರವನ್ನು ಗುರುತು ಹಾಕಿಕೊಂಡಿದ್ದೇವೆ.