ಮರಿಗೂ ದೊಡ್ಡ ನಾಯಿಗೂ ಹಸಿಮಾಂಸ ಹಾಕಬಹುದೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ತಿಂಗಳ ಲ್ಯಾಬ್ರಡಾರ್ ಮರಿಯೂ ಐದು ವರ್ಷದ ನಾಟಿ ನಾಯಿಯೂ ಇವೆ. ನಾಯಿ ಮಾಂಸಾಹಾರಿ, ಅದಕ್ಕೆ ಮುದ್ದೆ, ಅನ್ನ ಒಗ್ಗುವುದಿಲ್ಲವೆಂದು ಪರಿಚಿತರೊಬ್ಬರು ಹೇಳಿದ ಮೇಲೆ ಅಂಗಡಿಯಿಂದ ಕೋಳಿಯ ತಲೆ, ಕಾಲು, ಚರ್ಮ ತಂದು ಹಸಿಯಾಗಿಯೇ ಹಾಕುತ್ತಿದ್ದೇವೆ. ಊರಿನಲ್ಲಿ ಕುರಿ ಕಡಿದಾಗ ಬೋಟಿ, ಶ್ವಾಸಕೋಶವನ್ನೂ ಹಾಕುತ್ತೇವೆ. ಇದನ್ನು ಮುಂದುವರಿಸಬಹುದೇ?
– ಓದುಗರು, ಚಿಂತಾಮಣಿ ತಾಲ್ಲೂಕು

ಉತ್ತರ: ದಯವಿಟ್ಟು ಕುರಿಯ ಒಳಾಂಗಗಳನ್ನು ಹಸಿಯಾಗಿ ಹಾಕುವುದನ್ನು ಇಂದೇ ನಿಲ್ಲಿಸಿ. ಕುರಿಯ ಶ್ವಾಸಕೋಶ, ಯಕೃತ್ತುಗಳಲ್ಲಿ ಕೆಲವೊಮ್ಮೆ ನೀರು ತುಂಬಿದ ಬಿಳಿಚಿದ ಗುಳ್ಳೆಗಳು ಕಾಣುತ್ತವೆ. ಅವುಗಳೊಳಗೆ ಹೈಡಾಟಿಡ್ ರೋಗ ತರುವ ಲಾಡಿಹುಳುವಿನ ಮರಿಗಳಿರುತ್ತವೆ. ಗುಳ್ಳೆ ತಿಂದ ನಾಯಿಯ ಕರುಳಿನಲ್ಲಿ ಕೆಲವು ವಾರಗಳಲ್ಲಿ ಹುಳು ಬಲಿತು, ಮಲದೊಡನೆ ಮೊಟ್ಟೆಗಳು ಹೊರಬೀಳತೊಡಗುತ್ತವೆ. ಈ ಹುಳುವಿನ ಉದ್ದ ಒಂದು ಸೆಂಟಿಮೀಟರಿಗೂ ಕಡಿಮೆ. ನಾಯಿಯೂ ಆರೋಗ್ಯವಾಗಿಯೇ ಕಾಣುತ್ತದೆ. ಆದರೆ ಮೈಗೂದಲಿಗೆ ಅಂಟಿದ ಮೊಟ್ಟೆ, ನಾಯಿಯನ್ನು ಮುದ್ದಿಸಿದ ಮಕ್ಕಳ ಕೈಯಿಂದ ಬಾಯಿಗೆ ಹೋದರೆ, ಅಂಥದ್ದೇ ಗುಳ್ಳೆ ಅವರ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ವರ್ಷಗಟ್ಟಲೆ ಬೆಳೆದು ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ಪಶು ಆಸ್ಪತ್ರೆಯಲ್ಲಿ ಎರಡೂ ನಾಯಿಗಳ ತೂಕ ನೋಡಿಸಿ, ಪ್ರಾಜಿಕ್ವಾಂಟೆಲ್ ಇರುವ ಜಂತುಹುಳು ಮಾತ್ರೆ ಕೊಡಿಸಿ. ಗುಳ್ಳೆಯಿರುವ ಅಂಗಗಳನ್ನು ನಾಯಿಗಳು ಕೆದಕಲಾಗದಷ್ಟು ಆಳವಾಗಿ ಹೂಳಿ.

ಮರಿಯ ವಿಷಯದಲ್ಲಿ ನನ್ನ ಆತಂಕ ಅದರ ಮೂಳೆಗಳದ್ದು. ಮೂಳೆಯಿಲ್ಲದ 100 ಗ್ರಾಂ ಕೋಳಿಮಾಂಸದಲ್ಲಿ ರಂಜಕ 200 ಮಿಲಿಗ್ರಾಂನಷ್ಟಿದ್ದರೆ ಕ್ಯಾಲ್ಸಿಯಂ 10–15 ಮಿಲಿಗ್ರಾಂ ಮಾತ್ರ. ಬೆಳೆಯುವ ಮರಿಗಾದರೋ ಕ್ಯಾಲ್ಸಿಯಂ ರಂಜಕಕ್ಕಿಂತ ತುಸು ಹೆಚ್ಚೇ ಬೇಕು. ಆಹಾರದಲ್ಲಿ ಸಿಗದ ಕ್ಯಾಲ್ಸಿಯಂ ಅನ್ನು ದೇಹ ತನ್ನ ಮೂಳೆಯಿಂದಲೇ ಎಳೆದುಕೊಳ್ಳುವುದರಿಂದ ಮೂಳೆ ತೆಳುವಾಗಿ, ಕುರ್ಚಿಯಿಂದ ಜಿಗಿದರೂ ಕಾಲು ಮುರಿಯುವ ಸ್ಥಿತಿ ಬರಬಹುದು. ತಲೆ, ಕಾಲುಗಳಲ್ಲಿ ಮೂಳೆಯಿದೆ, ನಿಜ. ಆದರೆ ಒಂದು ದಿನ ಬರೀ ಕಾಲು, ಮರುದಿನ ಬರೀ ಚರ್ಮ ಎಂಬಂತಾದರೆ ಲೆಕ್ಕ ಸಿಗುವುದಿಲ್ಲ. ಲ್ಯಾಬ್ರಡಾರ್‌ನಂಥ ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಅತಿಯಾದರೂ ಕೇಡೇ, ಆದ್ದರಿಂದ ನೀವಾಗಿಯೇ ಟಾನಿಕ್ ಸುರಿಯಬೇಡಿ. ಒಂದು ವರ್ಷ ತುಂಬುವವರೆಗೆ ದೊಡ್ಡ ತಳಿಯ ಮರಿಗಳಿಗೆಂದೇ ತಯಾರಾದ ಆಹಾರವನ್ನೇ ಮುಖ್ಯವಾಗಿ ಕೊಡುವುದು ಕ್ಷೇಮ. ಆರು ತಿಂಗಳವರೆಗೆ ದಿನಕ್ಕೆ ಮೂರು ಹೊತ್ತು ಸಾಕು. ಈಗಲೇ ಮುಂಗಾಲು ಬಾಗಿದ್ದರೆ, ಅಥವಾ ಮರಿ ಎದ್ದು ನಡೆಯಲು ಹಿಂಜರಿಯುತ್ತಿದ್ದರೆ ತಡಮಾಡದೆ ಎಕ್ಸ್‌ರೇ ಮಾಡಿಸಿ.

ದೊಡ್ಡ ನಾಯಿಗೆ ಕೋಳಿಯನ್ನು ಚೆನ್ನಾಗಿ ಬೇಯಿಸಿ, ಮೂಳೆ ತೆಗೆದು ಹಾಕಿ. ಬೆಂದ ಮೂಳೆ ಚೂಪಾಗಿ ಸೀಳಿ ಕರುಳನ್ನು ಚುಚ್ಚಬಲ್ಲದು. ಬೆಳಗಿನಿಂದ ಅಂಗಡಿಯ ಬಕೆಟ್ಟಿನಲ್ಲಿ ಬಿದ್ದಿರುವ ತಲೆ, ಚರ್ಮದಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣುಗಳು ಬಿಸಿಲಿಗೆ ವೇಗವಾಗಿ ಹೆಚ್ಚುತ್ತವೆ. ಫ್ರೀಜರ್‌ನಲ್ಲಿಟ್ಟರೂ ಅವು ಪೂರ್ತಿ ಸಾಯುವುದಿಲ್ಲ. ಗಟ್ಟಿಮುಟ್ಟಾದ ನಾಯಿ ಅವನ್ನು ತಾಳಿಕೊಂಡರೂ ಅದರ ಮಲ, ಜೊಲ್ಲು, ತಟ್ಟೆಯ ಮೂಲಕ ಮನೆಯ ಹಿರಿಯರಿಗೂ ಎಳೆಮಕ್ಕಳಿಗೂ ಸೋಂಕು ತಗಲಬಹುದು.

ಮುದ್ದೆ ಒಗ್ಗುವುದಿಲ್ಲವೆಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಪಿಷ್ಟವನ್ನು ಅರಗಿಸುವ ಕಿಣ್ವದ ಜೀನ್ ನಾಯಿಗಳಲ್ಲಿ ತೋಳಗಳಿಗಿಂತ ಹೆಚ್ಚು ಪ್ರತಿಗಳಲ್ಲಿದೆ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಈರುಳ್ಳಿ, ಬೆಳ್ಳುಳ್ಳಿ, ಖಾರ ಹಾಕದ ಮುದ್ದೆಯ ಜೊತೆಗೆ ಬೇಯಿಸಿದ ಮಾಂಸ ಅಥವಾ ಮೊಟ್ಟೆ ಕಲಸಿ ನಿಮ್ಮ ನಾಟಿ ನಾಯಿಗೆ ಧಾರಾಳವಾಗಿ ಹಾಕಬಹುದು. ಹೊಟ್ಟೆ ಕೆಡದಂತೆ, ನಾಳೆಯಿಂದ ಅದೇ ಕೋಳಿಯನ್ನು ಬೇಯಿಸಿ ಕೊಡುತ್ತಾ, ಒಂದು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಹೊಸ ಆಹಾರಕ್ಕೆ ಎರಡನ್ನೂ ಹೊಂದಿಸಿ.