ರಾಯಚೂರಿಂದ ಹೈದರಾಬಾದ್‌ಗೆ, ಮಕ್ಕಳ ಜೊತೆ ಒಂದು ದಿನ

ಅಕ್ಕಾರೆ, ದಸರಾ ರಜೆಯಲ್ಲಿ ಮಕ್ಕಳನ್ನು ಹೈದರಾಬಾದ್‌ಗೆ ಕರ್ಕೊಂಡು ಹೋದರೆ ಒಂದೇ ದಿನದಲ್ಲಿ ಏನು ನೋಡೋದು, ಏನು ತಿನ್ನೋದು ಅಂತ ಕೇಳಿದ್ದೀರಿ. ನಾವೂ ರಾಯಚೂರಿನವರೇ. ಶುಕ್ರವಾರ ಮಾತ್ರ ಹೋಗಬೇಡಿ, ಅವತ್ತು ಸಾಲಾರ್ ಜಂಗ್ ಮ್ಯೂಸಿಯಂಗೆ ರಜೆ. ಮಕ್ಕಳಿಗೆ ಅದೇ ಜಾಸ್ತಿ ಹಿಡಿಸುತ್ತೆ. ಅಲ್ಲೊಂದು ಹಳೇ ಗಡಿಯಾರ ಇದೆ. ಗಂಟೆಗೊಮ್ಮೆ ಗಡ್ಡದ ಪುಟ್ಟ ಗೊಂಬೆ ಹೊರಗೆ ಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತದೆ. ಮಧ್ಯಾಹ್ನ 12ಕ್ಕೆ ಮುಂಚೆಯೇ ಹೋಗಿ ಜಾಗ ಹಿಡಿಯಿರಿ. ನನ್ನ ಮಗಳು ಬೆರಳು ಮಡಚಿ ಹನ್ನೆರಡೂ ಪೆಟ್ಟು ಎಣಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

1591ರ ಚಾರ್‌ಮಿನಾರ್ ಅಲ್ಲಿಂದ ಹತ್ತಿರವೇ. ಮೃಗಾಲಯ ಈ ಸಲ ಬೇಡ, ಅದಕ್ಕೇ ಒಂದು ದಿನ ಬೇಕು. ಸಂಜೆ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ ಬಿಡಬೇಡಿ. ಸಿಹಿಯ ಜೊತೆ ಸ್ವಲ್ಪ ಉಪ್ಪು. ಜಾಸ್ತಿ ಹೊತ್ತು ಅದ್ದಿದರೆ ಮುರಿದು ಬೀಳುತ್ತೆ. ಊರಿಗೂ ಎರಡು ಡಬ್ಬಿ ತನ್ನಿ, ಓಣಿಯ ಮಕ್ಕಳು ಕಾಯ್ತಾ ಇರ್ತಾರೆ ಅಲ್ವಾ.